ಬಿಸಿಲ ನಾಡಿನ ಪಯಣಕ್ಕೊಂದು ಟೊಪ್ಪಿ: ಮುಟ್ಟಾಳೆ ಕಲಿಸುವ ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಭಾಷೆ, ಗಡಿ, ಸಂಸ್ಕೃತಿಗಳ ಕುರಿತು ಬಲ್ಲವರು ಬರೆಯುತ್ತಾರೆ. ಈ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕನಾಗಿದ್ದ ನಾನು ನಿತ್ಯೋಪಯೋಗಿಯಾದ ಸಣ್ಣ ವಿಷಯವೊಂದನ್ನು ಎತ್ತಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇನೆ. ಇಲ್ಲಿ ಓದಿದ ಅನೇಕರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ; ಕೆಲವರು ತೀರ್ಥಯಾತ್ರೆಗೆಂದೋ ಪ್ರವಾಸಕ್ಕೆಂದೋ ಬೇಸಗೆಯಲ್ಲಿಯೇ ಹೊರಡುತ್ತಾರೆ; ಊರಿನಲ್ಲಿ ಉಳಿದವರು ತೋಟ, ಗದ್ದೆ, ಗುಡ್ಡೆಗಳಲ್ಲಿದ್ದಾರೆ. ಇವರೆಲ್ಲರ ತಲೆಯ ಮೇಲಿರುವವನು ಒಬ್ಬನೇ ಸೂರ್ಯ. ಆದುದರಿಂದ ಟೊಪ್ಪಿಯ ಆಯ್ಕೆಯೂ ಒಂದು ಪಾಠಕ್ಕೆ ಯೋಗ್ಯವಾದ ವಿಷಯವೇ.

ನೆರಳಿನ ಲೆಕ್ಕ

ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ಸೂರ್ಯನು ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗಸ್ಟಿನಲ್ಲಿ ಮೋಡದ ಮರೆಯಿರುತ್ತದೆ. ಏಪ್ರಿಲಿನಲ್ಲಿ ಅದೂ ಇಲ್ಲ.

ಟೊಪ್ಪಿಯ ಅಂಚು ಎಷ್ಟು ಅಗಲವಿರಬೇಕೆಂಬುದಕ್ಕೆ ಪ್ರೌಢಶಾಲೆಯ ತ್ರಿಕೋನಮಿತಿಯೇ ಉತ್ತರ ಕೊಡುತ್ತದೆ. ಅಂಚಿನ ಅಗಲವನ್ನು ಸೂರ್ಯನ ಎತ್ತರದ ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಮುಖದ ಮೇಲೆ ಬೀಳುವ ನೆರಳಿನ ಉದ್ದ ದೊರೆಯುತ್ತದೆ. ಅಂಚು 7.5 ಸೆಂಟಿಮೀಟರ್ ಇದ್ದು, ಸೂರ್ಯನು 60 ಡಿಗ್ರಿ ಎತ್ತರದಲ್ಲಿದ್ದರೆ ನೆರಳು ಸುಮಾರು 13 ಸೆಂಟಿಮೀಟರ್. ಹಣೆಯಿಂದ ಮೂಗು ದಾಟಿ ಕೆಳಗಿನವರೆಗೂ ರಕ್ಷಣೆ. 45 ಡಿಗ್ರಿಯಲ್ಲಿ 7.5 ಮಾತ್ರ. ಅಂಚು 4 ಸೆಂಟಿಮೀಟರಿಗಿಳಿದರೆ ಸೂರ್ಯನು ನೆತ್ತಿಯ ಮೇಲಿಲ್ಲದ ಹೊತ್ತಿನಲ್ಲಿ ಕೆನ್ನೆಗಳು ಬಿಸಿಲಿಗೆ ಒಡ್ಡಿಕೊಂಡಿರುತ್ತವೆ. ಚರ್ಮದ ಕ್ಯಾನ್ಸರ್ ಹೆಚ್ಚಾಗಿರುವ ಆಸ್ಟ್ರೇಲಿಯದಲ್ಲಿ ವಯಸ್ಕರಿಗೆ ಕನಿಷ್ಠ 7.5 ಸೆಂಟಿಮೀಟರ್ ಅಂಚಿನ ಟೊಪ್ಪಿಯನ್ನೇ ಶಿಫಾರಸು ಮಾಡುತ್ತಾರೆ. ಕ್ರಿಕೆಟ್ ಆಟಗಾರರ ಮಾದರಿಯ ಮುಂಚಾಚಿನ ಕ್ಯಾಪು ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಕಾಯುವುದಿಲ್ಲ.

ಮಕ್ಕಳಿಗೆ ಹೇಳಿಕೊಡಬೇಕಾದ ಸುಲಭ ಸೂತ್ರವೊಂದಿದೆ: ನಿನ್ನ ನೆರಳು ನಿನಗಿಂತ ಗಿಡ್ಡವಾಗಿದ್ದರೆ ಬಿಸಿಲು ಅಪಾಯಕಾರಿ; ತಲೆಗೆ ಮರೆ ಬೇಕು.

ಮುಟ್ಟಾಳೆಯ ವಿವೇಕ

ನಮ್ಮ ಹಿರಿಯರ ತಲೆಯ ಮೇಲಿದ್ದುದು ಅಡಿಕೆ ಹಾಳೆಯ ಮುಟ್ಟಾಳೆ. ಉದುರಿದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆದುವಾದ ಮೇಲೆ ಮಡಚಿ ಹೊಲಿದು, ತಲೆಯ ಅಳತೆಗೆ ತರುತ್ತಿದ್ದರು. ಅದರ ಗುಣಗಳನ್ನು ನೋಡಿ: ಭಾರವಿಲ್ಲ, ಬಿಸಿಲಿನ ಕಿರಣಗಳು ಅದನ್ನು ತೂರಿ ಬರುವುದಿಲ್ಲ, ಗಟ್ಟಿಯಾದ ಕಾರಣ ನೆತ್ತಿಗೆ ಅಂಟಿಕೊಳ್ಳದೆ ನಡುವೆ ಗಾಳಿಗೆ ಎಡೆಯಿರುತ್ತದೆ, ತಲೆಹೊರೆಯ ಕೆಳಗೂ ಒದಗುತ್ತದೆ. ಅದರ ಮಿತಿಗಳೂ ಸ್ಪಷ್ಟ. ಅಗಲವಾದ ಅಂಚಿಲ್ಲ. ಅತಿಯಾಗಿ ಒಣಗಿದರೆ ಸೀಳುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಮರಗಳ ನೆರಳಿರುವ ಅಡಿಕೆ ತೋಟಕ್ಕೆ ಅದು ಸಾಕಾಗಿತ್ತು. ಬಯಲಿಗೂ ಮರಳುಗಾಡಿಗೂ ಸಾಲದು. ಒಳಗೆ ಗಾಳಿಯಾಡಬೇಕು ಎಂಬ ಅದರ ಪಾಠ ಮಾತ್ರ ಎಲ್ಲ ಕಡೆಗೂ ಸಲ್ಲುತ್ತದೆ. ಬೆವರು ಆರಿದಾಗಲೇ ದೇಹ ತಂಪಾಗುವುದು. ಬೆವರಿಗೆ ಆರಲು ಎಡೆಗೊಡದ ಟೊಪ್ಪಿ ತಲೆಯ ಮೇಲಿನ ಕುಲುಮೆಯಂತೆ.

ಇದೇ ತತ್ತ್ವದ ಮೇಲೆ ಬಂದದ್ದು ಬ್ರಿಟಿಷರ ಕಾಲದ ಸೋಲಾ ಟೊಪ್ಪಿ. ‘ಸೋಲಾ’ ಎಂಬುದು ಸೂರ್ಯನಿಗೆ ಸಂಬಂಧಿಸಿದ ಇಂಗ್ಲಿಷ್ ಪದವಲ್ಲ. ಬಂಗಾಳದ ಜೌಗುನೆಲದಲ್ಲಿ ಬೆಳೆಯುವ ಗಿಡದ ಹೆಸರು. ಅದರ ಹಗುರವಾದ ತಿರುಳಿನಿಂದಲೇ ಟೊಪ್ಪಿಯನ್ನು ಮಾಡುತ್ತಿದ್ದರು. ಪನಾಮಾ ಟೊಪ್ಪಿಯೂ ಪನಾಮಾದ್ದಲ್ಲ. ಅದನ್ನು ನೇಯುವವರು ಈಕ್ವೆಡಾರಿನ ಜನ. ಪನಾಮಾದ ಮೂಲಕ ಮಾರಾಟವಾದುದರಿಂದ ಆ ಹೆಸರು ಅಂಟಿಕೊಂಡಿತು. ಆ ನೇಯ್ಗೆಯ ಕಲೆಯನ್ನು ಯುನೆಸ್ಕೋ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮುಟ್ಟಾಳೆ ಹೊಲಿಯುವ ಕೈಗಳಿಗೆ ಅಂಥ ಗೌರವ ಇನ್ನೂ ಸಂದಿಲ್ಲ.

ಬಾಳಿಕೆಯ ಪರೀಕ್ಷೆ

ಅಂಗಡಿಯಲ್ಲಿ ಕೊಳ್ಳುವಾಗ ನಾಲ್ಕು ಅಂಶಗಳನ್ನು ಗಮನಿಸಬೇಕು.

1. ಟೊಪ್ಪಿಯನ್ನು ಬೆಳಕಿಗೆ ಹಿಡಿಯಿರಿ. ನಕ್ಷತ್ರಗಳಂತೆ ಚುಕ್ಕೆಗಳು ಕಂಡರೆ ಬಿಸಿಲೂ ಅದೇ ದಾರಿಯಲ್ಲಿ ಬರುತ್ತದೆ. ಯುಪಿಎಫ್ 50 ಎಂದು ನಮೂದಿಸಿದ್ದರೆ ಅತಿನೇರಳೆ ಕಿರಣಗಳಲ್ಲಿ ಐವತ್ತನೆಯ ಒಂದು ಭಾಗ ಮಾತ್ರ ಒಳಬರುತ್ತದೆಂದು ಅರ್ಥ.

2. ಬುರುಡೆಯೂ ಅಂಚೂ ಕೂಡುವ ಹೊಲಿಗೆಯನ್ನು ಪರೀಕ್ಷಿಸಿ. ಟೊಪ್ಪಿ ಮೊದಲು ಹರಿಯುವುದು ಅಲ್ಲಿಯೇ. ಜೋಡಿ ಹೊಲಿಗೆಯಿದ್ದರೆ ಮೇಲು.

3. ಅಂಚನ್ನು ಮಡಚಿ ಬಿಡಿ. ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕಾದವರಿಗೆ ಹಿಂದಿನ ಆಕಾರಕ್ಕೆ ಮರಳುವ ದಟ್ಟ ಹತ್ತಿಯ ಬಟ್ಟೆಯೇ ಸೂಕ್ತ. ಹುಲ್ಲಿನ ಟೊಪ್ಪಿ ತಂಪಾದರೂ ಮಡಿಕೆಯಲ್ಲಿ ಮುರಿಯುತ್ತದೆ.

4. ಒಳಪಟ್ಟಿ ಬೆವರು ಹೀರುವಂತಿರಲಿ, ಗಲ್ಲದ ದಾರವಿರಲಿ. ಅಂಚಿನ ಒಳಮೈ ಗಾಢ ಬಣ್ಣದ್ದಾದರೆ ನೆಲದಿಂದ ಪ್ರತಿಫಲಿಸುವ ಬೆಳಕು ಕಣ್ಣಿಗೆ ಕುಕ್ಕುವುದಿಲ್ಲ. ಒಣ ಮರಳು ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ ಸುಮಾರು 15 ಪಾಲನ್ನು ಮೇಲಕ್ಕೆಸೆಯುತ್ತದೆ.

ಟೊಪ್ಪಿಯ ಮಿತಿ

ಟೊಪ್ಪಿ ನೆರಳು ಕೊಡಬಲ್ಲುದು, ನೀರು ಕೊಡಲಾರದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿರುವುದು ಈ ಕಾರಣದಿಂದಲೇ. ಅಲ್ಲಿ ದುಡಿಯುವ ನಮ್ಮ ಹುಡುಗರು ಈ ನಿಯಮವನ್ನು ತಿಳಿದಿರಬೇಕು. ಅದು ಅವರ ಹಕ್ಕು. ಜೊತೆಗಾರನೊಬ್ಬ ಬಿಸಿಲಿನಲ್ಲಿ ತೊದಲತೊಡಗಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಟ್ಟರೆ ಅದು ಬರಿಯ ಆಯಾಸವಲ್ಲ, ಉಷ್ಣಾಘಾತ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಕೊನೆಯದಾಗಿ ಹಳೆವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಲೆಗೆ ದೇಣಿಗೆ ನೀಡುವಾಗ ಬೆಂಚು, ಫ್ಯಾನುಗಳ ಜೊತೆಗೆ, ಮೈದಾನದಲ್ಲಿ ಕವಾಯತು ಮಾಡುವ ಮಕ್ಕಳಿಗೆ ಅಗಲ ಅಂಚಿನ ಬಟ್ಟೆಯ ಟೊಪ್ಪಿಗಳನ್ನೂ ನೆನಪಿಸಿಕೊಳ್ಳಿರಿ. ಊರಿನಲ್ಲಿ ಮುಟ್ಟಾಳೆ ಹೊಲಿಯಬಲ್ಲವರು ಇನ್ನೂ ಇದ್ದರೆ, ಅವರನ್ನು ಒಂದು ದಿನ ತರಗತಿಗೆ ಕರೆಸಿ ಮಕ್ಕಳಿಗೆ ಕಲಿಸಲು ಹೇಳಿರಿ. ಹಾಳೆ ನಮ್ಮ ತೋಟಗಳಲ್ಲಿ ಉದುರುತ್ತಲೇ ಇದೆ. ಹೊಲಿಯಲು ಬಲ್ಲ ಕೈಗಳು ಕಡಿಮೆಯಾಗುತ್ತಿವೆ.