ಕಾಲೇಜು ಬದಲಾವಣೆಯೂ ಪಠ್ಯೇತರ ಚಟುವಟಿಕೆಗಳೂ



ಕಳೆದ ಜೂನ್ ತಿಂಗಳ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಪವಾಯಿಯಲ್ಲಿರುವ ನನ್ನ ಮನೆಗೆ ಬಂದನು. ಅವನು ಪದವಿಯ ಮೊದಲನೆಯ ವರ್ಷವನ್ನು ದೂರದ ಒಂದು ಕಾಲೇಜಿನಲ್ಲಿ ಮುಗಿಸಿದ್ದನು. ದಿನವೂ ಮೂರು ಗಂಟೆಗಳ ಕಾಲ ಲೋಕಲ್ ಗಾಡಿಯಲ್ಲಿಯೂ ಬಸ್ಸಿನಲ್ಲಿಯೂ ಕಳೆದುಹೋಗುತ್ತಿದ್ದುದರಿಂದ, ಎರಡನೆಯ ವರ್ಷಕ್ಕೆ ಮನೆಯ ಸಮೀಪದ ಕಾಲೇಜನ್ನು ಸೇರಬೇಕೆಂಬುದು ಅವನ ಅಪೇಕ್ಷೆ. ಅವನ ಕೈಯಲ್ಲಿ ದಪ್ಪನೆಯ ಫೈಲು. ಅದರ ತುಂಬ ಪ್ರಶಸ್ತಿಪತ್ರಗಳು. “ಸರ್, ಇವನ್ನೆಲ್ಲ ಅರ್ಜಿಯ ಜೊತೆಗೆ ಇಟ್ಟರೆ ಸೀಟು ಸಿಗುವುದಲ್ಲವೇ?” ಎಂದು ಕೇಳಿದನು.

ಇಂದು ಅವನು ಕೇಳಿದ ಪ್ರಶ್ನೆಯನ್ನು ನಾಳೆ ನಿಮ್ಮಲ್ಲಿ ಅನೇಕರು ಕೇಳುವಿರಿ. ಆದುದರಿಂದ ಅವನಿಗೆ ಹೇಳಿದುದನ್ನು ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕಾಲೇಜನ್ನು ಬದಲಾಯಿಸುವವರು ಎದುರಿಸಬೇಕಾದ ಮೊದಲ ಪ್ರಶ್ನೆಗಳು ಮೂರು. ಆ ತರಗತಿಯಲ್ಲಿ ಸ್ಥಳ ಖಾಲಿ ಇದೆಯೇ? ಹಿಂದಿನ ಪರೀಕ್ಷೆಯ ಅಂಕಗಳೆಷ್ಟು? ಹಿಂದಿನ ಕಾಲೇಜಿನ ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾನಿಲಯದಿಂದ ಬಂದವರಾದರೆ ಮೈಗ್ರೇಶನ್ ಪತ್ರ, ಇವು ಸರಿಯಾಗಿವೆಯೇ? ಇವುಗಳಿಗೆ ಉತ್ತರವಿಲ್ಲದಿದ್ದರೆ ನೂರು ಪದಕಗಳಿದ್ದರೂ ಬಾಗಿಲು ತೆರೆಯುವುದಿಲ್ಲ. ಹೊಸದಾಗಿ ಸೇರುವವರ ವಿಷಯದಲ್ಲಿಯೂ ಇದೇ ಕ್ರಮ. ಮದರಾಸಿನ ಐ.ಐ.ಟಿ.ಯು 2024-25ರಿಂದ ಉತ್ತಮ ಕ್ರೀಡಾಪಟುಗಳಿಗಾಗಿ ಒಂದೊಂದು ಪದವಿ ವಿಭಾಗದಲ್ಲಿ 2 ಸ್ಥಾನಗಳನ್ನು ಇಟ್ಟಿರುವುದಷ್ಟೆ; ಆದರೆ ಆ ಸ್ಥಾನವನ್ನು ಬಯಸುವವನು ಕೂಡ ಉಳಿದವರಂತೆ ಜೆ.ಇ.ಇ. ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆಯನ್ನು ಪಡೆಯಲೇಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬೇರೆ ಕಾಲೇಜಿನಿಂದ ಬರುವವನ ಚಟುವಟಿಕೆಗಳನ್ನೂ ಅವನು ಬರೆದ ಪ್ರಬಂಧವನ್ನೂ ನೋಡುವ ರೂಢಿ ಉಂಟು. ಅಲ್ಲಿಯೂ ಅವನು ಕಾಲೇಜಿನಲ್ಲಿ ಗಳಿಸಿದ ಅಂಕಗಳಿಗೇ ಹೆಚ್ಚಿನ ತೂಕ.

ಹಾಗಾದರೆ ಪಠ್ಯೇತರ ಚಟುವಟಿಕೆಗಳಿಂದ ಪ್ರಯೋಜನವಿಲ್ಲವೇ? ಖಂಡಿತವಾಗಿಯೂ ಇದೆ. ಆದರೆ ಎಲ್ಲ ಕಾಗದಗಳಿಗೂ ಒಂದೇ ಬೆಲೆಯಲ್ಲ. ನಾನು ಆ ಹುಡುಗನ ಫೈಲನ್ನು ಬಿಚ್ಚಿ, ಕಾಗದಗಳನ್ನು ಮೂರು ಪಾಲು ಮಾಡಿದೆನು.

ಮೊದಲನೆಯ ಪಾಲಿನಲ್ಲಿ ಸಂಘ ಸಂಸ್ಥೆಗಳು ಕೊಟ್ಟ ಬಹುಮಾನದ ಪತ್ರಗಳಿದ್ದವು: ಗಣೇಶೋತ್ಸವದ ಭಾಷಣ, ರಾಜ್ಯೋತ್ಸವದ ಗೀತಗಾಯನ, ಓಣಿಯ ಕ್ರಿಕೆಟ್ಟು. ಇವು ಮನಸ್ಸಿಗೆ ಸಂತೋಷವನ್ನು ಕೊಡುತ್ತವೆ. ಕಚೇರಿಯಲ್ಲಿ ಇವುಗಳಿಗೆ ಲೆಕ್ಕವಿಲ್ಲ.

ಎರಡನೆಯ ಪಾಲಿನವು ಲೆಕ್ಕಕ್ಕೆ ಬರುವಂಥವು. ನಮ್ಮ ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಯಲ್ಲಿ ಕ್ರೀಡೆಗೂ ಕಲೆಗೂ ಹೆಚ್ಚುವರಿ ಅಂಕಗಳುಂಟು. ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಯಲ್ಲಿ ‘ಎ’ ಶ್ರೇಣಿಗೆ 7, ‘ಬಿ’ ಶ್ರೇಣಿಗೆ 5, ‘ಸಿ’ ಶ್ರೇಣಿಗೆ 3 ಅಂಕಗಳೆಂದು ಗೊತ್ತುಪಡಿಸಲಾಗಿದೆ. ಆದರೆ ಈ ಅಂಕಗಳು ತಾವಾಗಿಯೇ ಬಂದು ಸೇರುವುದಿಲ್ಲ. ಮಂಡಳಿಯು ಹೇಳಿದ ದಿನದೊಳಗೆ ಶಾಲೆಯ ಮೂಲಕ ಪ್ರಸ್ತಾವನೆ ಹೋಗಬೇಕು. ದಿನ ಕಳೆದ ಮೇಲೆ ಪ್ರಮಾಣಪತ್ರವನ್ನು ತಂದರೆ, ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂಬಂತಾಗುವುದು.

ಕಾಲೇಜಿನಲ್ಲಿಯೂ ಈಗ ಹೊಸ ಕ್ರಮವೊಂದು ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಸಾರವಾಗಿ ಪದವಿಯ ಪಾಠಕ್ರಮದಲ್ಲಿಯೇ ಕ್ರೀಡೆ, ಯೋಗ, ಕಲೆ, ಸಮಾಜಸೇವೆ ಮೊದಲಾದ ಸಹಪಠ್ಯ ವಿಷಯಗಳಿಗೆ ಕ್ರೆಡಿಟ್‌ಗಳು ದೊರೆಯುತ್ತವೆ. ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡಲು 2021ರಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ವ್ಯವಸ್ಥೆಯು ಏರ್ಪಟ್ಟಿತು. ಇದು ನಮ್ಮ ಅಂಚೆ ಕಚೇರಿಯ ಉಳಿತಾಯ ಖಾತೆಯಂತೆ. ಒಂದು ಕಾಲೇಜಿನಲ್ಲಿ ಜಮೆ ಮಾಡಿದುದನ್ನು ಇನ್ನೊಂದು ಕಾಲೇಜಿಗೆ ಹೋದಾಗ ತೋರಿಸಬಹುದು. 7 ವರ್ಷಗಳವರೆಗೆ ಅದು ಊರ್ಜಿತ. ಆದುದರಿಂದ ಕಾಲೇಜನ್ನು ಬಿಡುವ ಮೊದಲು ಖಾತೆಯಲ್ಲಿ ಎಲ್ಲವೂ ಜಮೆಯಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಮೂರನೆಯ ಪಾಲಿನದೇ ಬಹಳ ಎಚ್ಚರಿಕೆಯ ವಿಷಯ. ಅದು ಅರ್ಧಕ್ಕೆ ನಿಂತ ಕೆಲಸ. ಎನ್.ಎಸ್.ಎಸ್. ಎಂದು ನಾವು ಕರೆಯುವ ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆ ದುಡಿದು, ಏಳು ದಿನಗಳ ವಿಶೇಷ ಶಿಬಿರವೊಂದರಲ್ಲಿ ಭಾಗವಹಿಸಬೇಕು. 1948ರಲ್ಲಿ ಸ್ಥಾಪನೆಯಾದ ಎನ್.ಸಿ.ಸಿ.ಯಲ್ಲಿಯೂ ಹೀಗೆಯೇ: ಕಾಲೇಜಿನಲ್ಲಿ ಎರಡು ವರ್ಷಗಳ ಶಿಕ್ಷಣದ ಮೇಲೆ ‘ಬಿ’ ಪತ್ರ, ಮೂರನೆಯ ವರ್ಷದಲ್ಲಿ ‘ಸಿ’ ಪತ್ರ. ನಡುವೆ ಕಾಲೇಜನ್ನು ಬದಲಾಯಿಸಿದರೆ ಈ ಸರಪಳಿ ತುಂಡಾಗುವ ಭಯವಿದೆ. ಹೊಸ ಕಾಲೇಜಿನಲ್ಲಿ ಅದೇ ಘಟಕವಿಲ್ಲದಿದ್ದರೆ ಮಾಡಿದ ದುಡಿಮೆ ಪ್ರಮಾಣಪತ್ರವಿಲ್ಲದೆಯೇ ಮುಗಿಯಬಹುದು.

ನಮ್ಮ ಹುಡುಗನಿಗೆ ಆದುದೂ ಇದೇ. ಅವನು ಒಂದು ವರ್ಷದಲ್ಲಿ 120 ಗಂಟೆಗಳ ಸೇವೆ ಮಾಡಿದ್ದನು. ಆದರೆ ದಿನಚರಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡದ್ದು 86 ಗಂಟೆಗಳಿಗೆ ಮಾತ್ರ. “ಆಮೇಲೆ ಬರೆದರಾಯಿತು ಎಂದುಕೊಂಡೆ ಸರ್” ಎಂದು ತಲೆ ತಗ್ಗಿಸಿದನು. ಮರುದಿನವೇ ಹಳೆಯ ಕಾಲೇಜಿಗೆ ಹೋಗಿ, ಇದ್ದಷ್ಟಕ್ಕೆ ಅಧಿಕಾರಿಗಳ ಪತ್ರವನ್ನು ತರುವಂತೆ ಹೇಳಿದೆನು. ತಂದನು. ಹೊಸ ಕಾಲೇಜಿನಲ್ಲಿ ಅವನಿಗೆ ಸ್ಥಳ ದೊರೆತದ್ದು ಅಂಕಗಳ ಬಲದಿಂದ, ಎನ್.ಎಸ್.ಎಸ್. ಘಟಕದಲ್ಲಿ ಮುಂದುವರಿಯಲು ಅವಕಾಶ ದೊರೆತದ್ದು ಆ ಪತ್ರದಿಂದ. ಉಳಿದ 34 ಗಂಟೆಗಳನ್ನು ಮಾತ್ರ ಅವನು ಮತ್ತೆ ದುಡಿದು ತುಂಬಬೇಕಾಯಿತು.

ಆದುದರಿಂದ ಮಿತ್ರರೇ, ಹತ್ತು ಕಡೆ ಕೈಯಿಡುವುದಕ್ಕಿಂತ ಒಂದೆರಡು ಚಟುವಟಿಕೆಗಳನ್ನು ಆರಿಸಿಕೊಂಡು ಕೊನೆಯವರೆಗೂ ನಡೆಸಿರಿ. ಮಾಡಿದ ಕೆಲಸವನ್ನು ಆಯಾ ದಿನವೇ ಬರೆದಿಡಿರಿ; ಸಹಿಯನ್ನು ಆಗಲೇ ಪಡೆಯಿರಿ. ಬದಲಾವಣೆಗೆ ಮುನ್ನ ಹೊಸ ಕಾಲೇಜಿನಲ್ಲಿ ಏನಿದೆ, ಏನಿಲ್ಲ ಎಂದು ವಿಚಾರಿಸಿರಿ.

ಕೊನೆಯಲ್ಲಿ ಮೊದಲನೆಯ ಪಾಲಿನ ಕಾಗದಗಳ ಬಗ್ಗೆ ಇನ್ನೊಂದು ಮಾತು. ನಾನೂ ನಿಮ್ಮಂತೆ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಊರನ್ನು ಬಿಟ್ಟು ಈ ನಗರಕ್ಕೆ ಬಂದವನು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಒಂದು ತಿಂಗಳು ಹಿಂದಿನ ಬೆಂಚಿನಲ್ಲಿ ಮೂಕನಂತೆ ಕುಳಿತಿದ್ದೆನು. ಆದರೆ ಊರಿನ ಶಾಲೆಯಲ್ಲಿ ಭಾಷಣ ಸ್ಪರ್ಧೆಗೆಂದು ಹತ್ತಾರು ಸಲ ವೇದಿಕೆ ಹತ್ತಿದ್ದ ಧೈರ್ಯವೊಂದು ನನ್ನಲ್ಲಿತ್ತು. ಒಂದು ದಿನ ಎದ್ದು ನಿಂತು, ತಪ್ಪು ತಪ್ಪು ಇಂಗ್ಲಿಷಿನಲ್ಲಿಯೇ ಪ್ರಶ್ನೆ ಕೇಳಿದೆನು. ಯಾರೂ ನಗಲಿಲ್ಲ. ಆ ದಿನದಿಂದ ನನ್ನ ಓದು ಸಾಗಿತು. ಆ ಭಾಷಣಗಳ ಬಹುಮಾನ ಪತ್ರಗಳನ್ನು ಯಾವ ಕಚೇರಿಯೂ ಕೇಳಲಿಲ್ಲ. ಅವು ಈಗ ಎಲ್ಲಿವೆಯೋ ನನಗೇ ತಿಳಿಯದು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳುತ್ತಾರೆ. ಅರ್ಜಿಯ ಜೊತೆಗೆ ಹೋಗತಕ್ಕ ಪತ್ರಗಳನ್ನು ಜೋಪಾನ ಮಾಡಿರಿ. ಪತ್ರವಿಲ್ಲದಿದ್ದರೂ ನಿಮ್ಮ ಜೊತೆಗೇ ಬರುವ ಗುಣಗಳನ್ನು ಈ ಶಾಲೆಯ ಅಂಗಳದಲ್ಲಿಯೂ ವೇದಿಕೆಯ ಮೇಲೆಯೂ ಈಗಲೇ ಗಳಿಸಿಕೊಳ್ಳಿರಿ.