ಗಣಕಯಂತ್ರಕ್ಕೆ ಮೊದಲ ಪಾಠ: ನಾಲ್ಕು ಸಾಲಿನಲ್ಲಿ ಅಡಿಕೆಯ ಲೆಕ್ಕ



ಸಹಕಾರ ಸಂಘಗಳ ಲೆಕ್ಕಪತ್ರ ದಪ್ಪ ಪುಸ್ತಕಗಳಿಂದ ಗಣಕಯಂತ್ರಕ್ಕೆ ಸಾಗುತ್ತಿರುವುದು ತಮಗೆ ತಿಳಿದೇ ಇದೆ. 2022ರಲ್ಲಿ ಕೇಂದ್ರ ಸರಕಾರವು ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ನೀಡಿತು. ಮಾರಿದ ಅಡಿಕೆಯ ಪಟ್ಟಿ, ಸಾಲದ ಬಡ್ಡಿ ಎಲ್ಲವೂ ಯಂತ್ರ ಮುದ್ರಿಸಿದ ಚೀಟಿಯಾಗಿ ಕೈಗೆ ಬರುತ್ತವೆ. ಅಚ್ಚಾದ ಅಂಕಿಯನ್ನು ಕಂಡ ಕೂಡಲೇ "ಕಂಪ್ಯೂಟರ್ ಲೆಕ್ಕ, ತಪ್ಪಲಾರದು" ಎಂದು ಜೇಬಿಗೆ ಹಾಕಿಕೊಳ್ಳುವುದುಂಟು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂದು ತಿಳಿಯಬೇಕಾದರೆ, ಒಂದು ಚಿಕ್ಕ ಪ್ರೋಗ್ರಾಂ ಅನ್ನು ನಾವೇ ಬರೆದು ನೋಡುವುದು ಒಳ್ಳೆಯ ದಾರಿ. ಗುಣಾಕಾರ, ಭಾಗಾಕಾರ ಬಲ್ಲವರಿಗೆ ಇದು ಕಷ್ಟವಲ್ಲ.

ಪ್ರೋಗ್ರಾಂ ಎಂದರೇನು?

ಮಾಡಬೇಕಾದ ಕೆಲಸವನ್ನು ಮೊದಲೇ ಸಾಲುಸಾಲಾಗಿ ಬರೆದಿಟ್ಟ ಪಟ್ಟಿಯೇ ಪ್ರೋಗ್ರಾಂ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸಲು ನಾವು ಹೇಳುವುದೂ ಇಂಥದೇ ಪಟ್ಟಿ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸು, 1 ಕಿಲೋ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ 50 ಲೀಟರ್ ನೀರಿನಲ್ಲಿ ಕಲಸು, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿ. "ಬೇರೆ ಪಾತ್ರೆಯಲ್ಲಿ" ಎಂಬ ಮಾತನ್ನು ನಾವು ಮರೆತರೂ ಪಳಗಿದ ಕೆಲಸಗಾರ ತಾನೇ ತಿಳಿದು ಸರಿಯಾಗಿ ಮಾಡಿಯಾನು. ಗಣಕಯಂತ್ರಕ್ಕೆ ಆ ತಿಳಿವಳಿಕೆ ಇಲ್ಲ. ಬರೆದದ್ದನ್ನು, ಬರೆದ ಕ್ರಮದಲ್ಲಿ, ಬರೆದಷ್ಟನ್ನೇ ಅದು ಮಾಡುತ್ತದೆ.

ಯಾವ ಭಾಷೆ?

ಯಂತ್ರಕ್ಕೆ ಆಜ್ಞೆ ಕೊಡಲು ಹಲವು ಭಾಷೆಗಳಿವೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಅಧ್ಯಾಪಕರು ಎಲ್ಲ ವಿದ್ಯಾರ್ಥಿಗಳೂ ಕಲಿಯಲೆಂದು ಬೇಸಿಕ್ ಎಂಬ ಭಾಷೆಯನ್ನು ರೂಪಿಸಿದರು. ಇಂದು ಹೊಸಬರಿಗೆ ಹೆಚ್ಚಾಗಿ ಕಲಿಸುವುದು ಪೈಥಾನ್ ಭಾಷೆಯನ್ನು. ಇದನ್ನು ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್ ಅವರು 1991ರಲ್ಲಿ ಹೊರತಂದರು. ಇದು ಉಚಿತ. 2008ರಲ್ಲಿ ಬಂದ ಇದರ ಮೂರನೆಯ ಆವೃತ್ತಿಯಿಂದ ಈಚೆಗೆ, ನಾವು ಕೊಡುವ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಆಜ್ಞೆಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು.

ಬರೆಯುವ ಕ್ರಮ

ಮನೆಯ ಮಕ್ಕಳ ಕಂಪ್ಯೂಟರ್ ಇದ್ದರೆ ಸಾಕು. ಪೈಥಾನ್ ಅನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು ಅನುಸ್ಥಾಪಿಸಿದರೆ, ಜೊತೆಗೆ ಐಡಲ್ ಎಂಬ ಬರೆಯುವ ಕಿಟಕಿಯೂ ಬರುತ್ತದೆ. ಐಡಲ್ ತೆರೆದು, ಫೈಲ್ ಪಟ್ಟಿಯಲ್ಲಿ ನ್ಯೂ ಫೈಲ್ ಆರಿಸಿ, ಈ ನಾಲ್ಕು ಸಾಲು ಬರೆಯಿರಿ:

ತೂಕ = ಫ್ಲೋಟ್(ಇನ್‌ಪುಟ್("ತೂಕ ಎಷ್ಟು ಕಿಲೋ? "))
ದರ = ಫ್ಲೋಟ್(ಇನ್‌ಪುಟ್("ಕ್ವಿಂಟಾಲಿಗೆ ದರ ಎಷ್ಟು? "))
ಮೊತ್ತ = ತೂಕ * ದರ / 100
ಪ್ರಿಂಟ್("ಮೊತ್ತ ರೂ.", ಮೊತ್ತ)

ಇಲ್ಲಿ ಫ್ಲೋಟ್, ಇನ್‌ಪುಟ್, ಪ್ರಿಂಟ್ ಎಂಬ ಮೂರು ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಫ್ಲೋಟ್‌ಗೆ ಎಫ್, ಎಲ್, ಓ, ಎ, ಟಿ; ಇನ್‌ಪುಟ್‌ಗೆ ಐ, ಎನ್, ಪಿ, ಯು, ಟಿ; ಪ್ರಿಂಟ್‌ಗೆ ಪಿ, ಆರ್, ಐ, ಎನ್, ಟಿ. ಉಳಿದದ್ದು ಕನ್ನಡದಲ್ಲಿರಲಿ. ಆದರೆ ಕನ್ನಡವನ್ನು ಯೂನಿಕೋಡ್ ವಿಧಾನದಲ್ಲಿ ಬೆರಳಚ್ಚಿಸಬೇಕು. ನುಡಿಯ ಹಳೆಯ ಫಾಂಟುಗಳು ಇಲ್ಲಿ ನಡೆಯವು.

ಸಾಲುಗಳ ಅರ್ಥ

ಮೊದಲ ಸಾಲು ಬಳಕೆದಾರರನ್ನು ತೂಕ ಕೇಳಿ, ಬಂದ ಉತ್ತರವನ್ನು "ತೂಕ" ಎಂಬ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಚೀಲಕ್ಕೆ ಗುರುತು ಬರೆದು ಅಟ್ಟಕ್ಕೆ ಏರಿಸಿಟ್ಟಂತೆ. ಮುಂದೆ ಆ ಹೆಸರು ಕರೆದರೆ ಆ ಅಂಕಿ ಸಿಗುತ್ತದೆ. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಯಂತ್ರ ಬರಿಯ ಅಕ್ಷರವೆಂದೇ ತಿಳಿಯುತ್ತದೆ. "ಇದು ಸಂಖ್ಯೆ, ದಶಮಾಂಶವೂ ಇರಬಹುದು" ಎಂದು ಹೇಳುವುದೇ ಫ್ಲೋಟ್‌ನ ಕೆಲಸ. ಎರಡನೆಯ ಸಾಲು ಅದೇ ರೀತಿ ದರವನ್ನು ಕೇಳುತ್ತದೆ. ಮೂರನೆಯ ಸಾಲಿನ ನಕ್ಷತ್ರ ಚಿಹ್ನೆ ಗುಣಾಕಾರಕ್ಕೆ, ಓರೆ ಗೆರೆ ಭಾಗಾಕಾರಕ್ಕೆ. ದರ ಕ್ವಿಂಟಾಲಿಗೆ, ತೂಕ ಕಿಲೋದಲ್ಲಿ. ಆದುದರಿಂದ 100ರಿಂದ ಭಾಗಿಸುತ್ತೇವೆ. ನಾಲ್ಕನೆಯ ಸಾಲು ಉತ್ತರವನ್ನು ಪರದೆಗೆ ತರುತ್ತದೆ.

ನಡೆಸುವ ಕ್ರಮ

ಬರೆದದ್ದನ್ನು ಒಂದು ಹೆಸರು ಕೊಟ್ಟು ಉಳಿಸಿ, ಎಫ್5 ಕೀಲಿಯನ್ನು ಒತ್ತಿರಿ. ಇನ್ನೊಂದು ಕಿಟಕಿಯಲ್ಲಿ ಪ್ರಶ್ನೆ ಮೂಡುತ್ತದೆ. ಉದಾಹರಣೆಗೆ 240 ಎಂದು ಒತ್ತಿ ಎಂಟರ್ ಮಾಡಿ. ದರಕ್ಕೆ 45000 ಕೊಡಿ. 108000.0 ಎಂದು ಉತ್ತರ ಬರಬೇಕು. ಕೊನೆಯ ಚುಕ್ಕಿ ಮತ್ತು ಸೊನ್ನೆ ದಶಮಾಂಶದ ಗುರುತು ಮಾತ್ರ. ಇದೇ ಲೆಕ್ಕವನ್ನು ಕಾಗದದ ಮೇಲೂ ಮಾಡಿ: 2.4 ಕ್ವಿಂಟಾಲ್, 45,000 ದರ, ಒಟ್ಟು 1,08,000 ರೂಪಾಯಿ. ಎರಡೂ ಹೊಂದಿದರೆ ತಮ್ಮ ಮೊದಲ ಪ್ರೋಗ್ರಾಂ ನಡೆಯಿತೆಂದು ತಿಳಿಯಿರಿ.

ಯಂತ್ರ ತಿಳಿಸುವ ತಪ್ಪುಗಳು

ಮೊದಲ ಸಲವೇ ನಡೆಯದಿದ್ದರೆ ನಿರಾಶರಾಗಬೇಕಿಲ್ಲ. ಕೆಂಪು ಅಕ್ಷರಗಳಲ್ಲಿ ಇಂಗ್ಲಿಷ್ ಸಂದೇಶ ಬಂದರೆ ಅದರಲ್ಲಿ ಸಾಲಿನ ಸಂಖ್ಯೆಯನ್ನು ಮೊದಲು ನೋಡಿರಿ. ಸಾಮಾನ್ಯ ಕಾರಣಗಳು ಇವು:

1. ತೆರೆದ ಆವರಣ ಚಿಹ್ನೆಯನ್ನು ಮುಚ್ಚದಿರುವುದು. ಆಗ ಪ್ರೋಗ್ರಾಂ ಆರಂಭವೇ ಆಗುವುದಿಲ್ಲ.
2. ಆಜ್ಞೆಯ ಕಾಗುಣಿತ ತಪ್ಪುವುದು, ಇಲ್ಲವೇ ದೊಡ್ಡ ಅಕ್ಷರ ಬಳಸುವುದು. ಈ ತಪ್ಪು ಕೊನೆಯ ಸಾಲಿನಲ್ಲಿದ್ದರೆ, ತೂಕ, ದರ ಎಲ್ಲ ಕೇಳಿ ಮುಗಿಸಿದ ಮೇಲೆಯೇ ಯಂತ್ರ ನಿಲ್ಲುತ್ತದೆ.
3. ಒಂದು ಕಡೆ "ಮೊತ್ತ", ಇನ್ನೊಂದು ಕಡೆ "ಮೊತ" ಎಂದು ಬರೆಯುವುದು. ಯಂತ್ರಕ್ಕೆ ಇವು ಬೇರೆ ಬೇರೆ ಹೆಸರು.
4. ಅಂಕಿಯ ನಡುವೆ ಅಲ್ಪವಿರಾಮ ಹಾಕುವುದು. 45,000 ಎಂದು ಒತ್ತಿದರೆ ಯಂತ್ರ ಒಪ್ಪದು; 45000 ಎಂದೇ ಒತ್ತಬೇಕು.

ಯಂತ್ರ ತಿಳಿಸದ ತಪ್ಪುಗಳು

ಮುಖ್ಯವಾಗಿ ಗಮನಿಸಬೇಕಾದುದು ಇದನ್ನು. ಮೂರನೆಯ ಸಾಲಿನಲ್ಲಿ 100ರಿಂದ ಭಾಗಿಸುವುದನ್ನು ಬಿಟ್ಟು ನಡೆಸಿ ನೋಡಿರಿ. ಕೆಂಪು ಅಕ್ಷರ ಬರುವುದಿಲ್ಲ; 1 ಕೋಟಿ 8 ಲಕ್ಷ ರೂಪಾಯಿ ಎಂದು ಯಂತ್ರ ನಿಸ್ಸಂಕೋಚವಾಗಿ ಹೇಳುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳುತ್ತದೆ, ಅದರಿಂದ ಅಪಾಯ ಕಡಿಮೆ.

ಈಗ ಇದೇ ಪ್ರೋಗ್ರಾಂನಲ್ಲಿ ಕಾಫಿಯ ಲೆಕ್ಕ ಹಾಕೋಣ. ನಮ್ಮಲ್ಲಿ ಕಾಫಿಗೆ 50 ಕಿಲೋ ಚೀಲದ ಮೇಲೆ ದರ ಹೇಳುವುದು ವಾಡಿಕೆ. ಉದಾಹರಣೆಗೆ 320 ಕಿಲೋ, ಚೀಲಕ್ಕೆ 10000 ರೂಪಾಯಿ ಎಂದಿಟ್ಟುಕೊಳ್ಳಿ. 100 ಎಂಬುದನ್ನು 50 ಎಂದು ಬದಲಿಸಲು ಮರೆತರೆ ಉತ್ತರ 32,000. ನಿಜವಾಗಿ ಬರಬೇಕಾದುದು 64,000. ಅರ್ಧಕ್ಕರ್ಧ ಹಣ ಹೋಯಿತು, ಆದರೂ ಅಂಕಿ ನೋಡಲು ಸರಿಯಾಗಿಯೇ ಕಾಣುತ್ತದೆ! ಯಂತ್ರ ಗುಣಾಕಾರದಲ್ಲಿ ಎಡವಲಿಲ್ಲ. ಬರೆದವರು ಅಳತೆಯನ್ನು ಬದಲಿಸಲಿಲ್ಲ. ಒಮ್ಮೆ ಹೀಗೆ ಉಳಿದುಹೋದ ತಪ್ಪು, ಮುಂದೆ ಅದೇ ಪ್ರೋಗ್ರಾಂನಲ್ಲಿ ಹಾಕುವ ಪ್ರತಿಯೊಂದು ಲೆಕ್ಕದಲ್ಲೂ ಮರುಕಳಿಸುತ್ತದೆ.

ಆದಕಾರಣ ಈ ಮೂರು ನಿಯಮಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಲೆಕ್ಕದ ಕ್ರಮವನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಪ್ರತಿ ಅಂಕಿ ಕಿಲೋವೋ, ಕ್ವಿಂಟಾಲೋ, ಚೀಲವೋ ಎಂದು ಪಕ್ಕದಲ್ಲಿ ಗುರುತಿಸಿರಿ. ಪ್ರೋಗ್ರಾಂ ಬರೆದಾದ ಮೇಲೆ, ಉತ್ತರ ಗೊತ್ತಿರುವ ಎರಡು ಹಳೆಯ ಪಟ್ಟಿಗಳನ್ನಾದರೂ ಅದರಲ್ಲಿ ಹಾಕಿ ತಾಳೆ ನೋಡಿರಿ.

ಅಭ್ಯಾಸ

ಹಮಾಲಿ ಮತ್ತು ಸಾಗಣೆಯ ವೆಚ್ಚವನ್ನು ಕೇಳುವ "ಖರ್ಚು" ಎಂಬ ಒಂದು ಸಾಲನ್ನು ದರದ ಸಾಲಿನ ಕೆಳಗೆ ಸೇರಿಸಿ, ಮೊತ್ತದಿಂದ ಅದನ್ನು ಕಳೆಯಿರಿ. ಮೇಲಿನ ಅಡಿಕೆಯ ಲೆಕ್ಕಕ್ಕೆ 1500 ಖರ್ಚು ಕೊಟ್ಟರೆ 106500.0 ಬರಬೇಕು. ಕಾಫಿಗೆ ಬೇರೆಯೇ ಒಂದು ಪ್ರೋಗ್ರಾಂ ಬರೆದು ಉಳಿಸಿಕೊಳ್ಳಿ. ಇಷ್ಟಾದ ಮೇಲೆ, ಮುಂದಿನ ಸಲ ಸಂಘದಿಂದಾಗಲಿ ಮಂಡಿಯಿಂದಾಗಲಿ ಅಚ್ಚಾದ ಪಟ್ಟಿ ಕೈಗೆ ಬಂದಾಗ, ಅದರ ತೂಕ, ದರ, ಕಡಿತಗಳನ್ನು ಮನೆಯಲ್ಲಿ ತಮ್ಮ ಪ್ರೋಗ್ರಾಂಗೆ ಕೊಟ್ಟು ನೋಡಿರಿ. ವ್ಯತ್ಯಾಸ ಕಂಡರೆ ಸಂಕೋಚವಿಲ್ಲದೆ ವಿಚಾರಿಸಿರಿ. ಲೆಕ್ಕ ಕೇಳುವುದು ಸದಸ್ಯರ ಹಕ್ಕು. ಲೆಕ್ಕ ಯಂತ್ರದ್ದಾದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.