ಕೌದಿಯ ಅಸ್ತರಿನ ಲೆಕ್ಕ

ಸಂಸ್ಕೃತದ 'ಕಂಥಾ' ಶಬ್ದವು ಕನ್ನಡದಲ್ಲಿ 'ಕಂತೆ'ಯಾಗಿ ಚಿಂದಿಬಟ್ಟೆಯೆಂಬ ಅರ್ಥದಲ್ಲಿ ನಿಂತಿದೆ. ಆ ಕಂತೆಯು ಕೌದಿಯೆನಿಸುವುದು ಅಡಿಯಲ್ಲಿ ಹಾಸುವ ಅಸ್ತರಿನಿಂದ. ಮೇಲಿನ ತುಂಡು ಸಾಲದಿದ್ದರೆ ಇನ್ನೊಂದನ್ನು ಸೇರಿಸಬಹುದು. ಅಸ್ತರು ಗಿಡ್ಡವಾದರೆ ಮಲಗಿದವನ ಕಾಲು ಚಳಿಗೆ ಹೊರಬೀಳುತ್ತದೆ. ಉತ್ತರ ಕರ್ನಾಟಕದ ನಮ್ಮ ತಾಯಂದಿರು ಬಾಯಿಲೆಕ್ಕದಲ್ಲಿಯೇ ನಿರ್ಣಯಿಸುವ ಈ ಅಳತೆಯನ್ನು ಶಾಲೆಯ ಗಣಿತವು ಬಹುಧಾ ತಪ್ಪಾಗಿ ಬಿಡಿಸುತ್ತದೆಂಬುದು ವಿಚಾರಾರ್ಹವಾಗಿದೆ.

ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯೊಂದನ್ನು ಭಾವಿಸೋಣ: 60 ಅಂಗುಲ, 84 ಅಂಗುಲ. (ಇಲ್ಲಿ ಅಂಗುಲವೆಂದರೆ ಇಂಚು, ಭಾಸ್ಕರಾಚಾರ್ಯನು 'ಲೀಲಾವತಿ'ಯಲ್ಲಿ 24ಕ್ಕೆ ಒಂದು ಹಸ್ತವೆಂದು ಹೇಳಿದ ಅಂಗುಲವಲ್ಲ.) ಸಾಲು ಸಾಲಾಗಿ ಹೊಲಿದಂತೆ ಬಟ್ಟೆಯು ನೆರಿಗೆಗೊಂಡು ಕುಗ್ಗುವುದರಿಂದಲೂ, ಅಂಚನ್ನು ಮಡಿಚಬೇಕಾದುದರಿಂದಲೂ ನಾಲ್ಕೂ ಕಡೆ ಮೂರು ಮೂರು ಅಂಗುಲ ಹೆಚ್ಚಿಗೆ ಹಿಡಿಯತಕ್ಕದ್ದು. ಆಗ ಅಸ್ತರು 66 ಅಂಗುಲ ಅಗಲ, 90 ಅಂಗುಲ ಉದ್ದವಾಗುತ್ತದೆ. ಹೊಸ ಹತ್ತಿಬಟ್ಟೆಯಾದರೆ ಮೊದಲು ನೀರಿಗೆ ಹಾಕಿ ಒಣಗಿಸಿಯೇ ಅಳೆಯಬೇಕು.

ಬಟ್ಟೆಯ ಪನ್ನ, ಎಂದರೆ ಅಗಲ, 36 ಅಂಗುಲವಿರಲಿ. ಕ್ಷೇತ್ರಫಲ ಕಲಿತ ವಿದ್ಯಾರ್ಥಿಯು 66ನ್ನು 90ರಿಂದ ಗುಣಿಸಿ, ಬಂದ 5940ನ್ನು 36ರಿಂದ ಭಾಗಿಸಿ, 165 ಅಂಗುಲ ಬಟ್ಟೆ ಸಾಕೆನ್ನುತ್ತಾನೆ. ಅಂಕಗಳಲ್ಲಿ ದೋಷವಿಲ್ಲ. ಆದರೆ ಅದನ್ನು ಎರಡಾಗಿ ಕತ್ತರಿಸಿದರೆ ಒಂದೊಂದು ಪಟ್ಟಿಯೂ 82½ ಅಂಗುಲ. ಸಿದ್ಧವಾದ ಕೌದಿಯ ಉದ್ದಕ್ಕೇ ಒಂದೂವರೆ ಅಂಗುಲ ಸಾಲದು! ಬಟ್ಟೆಯು ನೀರಿನಂತೆ ಪಾತ್ರೆಯ ಆಕಾರಕ್ಕೆ ಹರಿಯುವ ವಸ್ತುವಲ್ಲ. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಪನ್ನ ಬೇಕೆಂಬುದು. ಎರಡು ಪನ್ನ ಕೂಡಿಸಿ, ಜೋಡಣೆಗೆ ಒಂದು ಅಂಗುಲ ಕಳೆದರೆ 71. ನಮಗೆ 66 ಸಾಕು. 90 ಅಂಗುಲದ ಎರಡು ಪಟ್ಟಿಗಳಿಗೆ 180 ಅಂಗುಲ, ಅಂದರೆ ಸರಿಯಾಗಿ ಐದು ವಾರ. ಇಂದಿನ ಅಂಗಡಿಯಲ್ಲಿ 4.6 ಮೀಟರ್ ಕೇಳಬೇಕು. ಪಟ್ಟಿಗಳನ್ನು ಅಡ್ಡಲಾಗಿ ಹಾಕಿದರೆ 66 ಅಂಗುಲದವು ಮೂರು ಬೇಕಾಗಿ, 198 ಅಂಗುಲ ಖರ್ಚಾಗುತ್ತದೆ.

ಆದರೆ ಅಡ್ಡ ಹಾಕುವುದು ಸದಾ ನಷ್ಟವೆಂದು ತಿಳಿಯಲಾಗದು. 45 ಅಂಗುಲ ಪನ್ನದ, ಆರು ವಾರದ ಹಳೆಯ ಸೀರೆಯಿದ್ದರೆ ಉದ್ದಕ್ಕೆ ಹಾಕಲು ಅದೇ 180 ಅಂಗುಲ ಬೇಕು. ಅಡ್ಡಲಾಗಿ ಎರಡು ಪಟ್ಟಿ ಜೋಡಿಸಿದರೆ 89 ಅಂಗುಲ ಬರುತ್ತದೆ. ಕೊರತೆ ಒಂದೇ ಅಂಗುಲ. ಹೆಚ್ಚಿಗೆ ಹಿಡಿದ ಆರರಲ್ಲಿ ಐದು ಉಳಿಯಿತೆಂದು ಜಾಣೆಯು ಅಲ್ಲಿಯೇ ಕತ್ತರಿ ಹಾಕುತ್ತಾಳೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರಂತೆ ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುವವರಿಗಂತೂ ಈ ನಿರ್ಣಯವು ಮೊದಲ ಹೊಲಿಗೆಗೆ ಮುನ್ನವೇ ಆಗಿರಬೇಕು. ಇಲ್ಲಿ ತಗಲುವುದು 132 ಅಂಗುಲ ಮಾತ್ರ. ಸೀರೆಯಲ್ಲಿ ಮಿಕ್ಕ 84 ಅಂಗುಲದಿಂದ ಜೀರ್ಣವಾದ ಭಾಗವನ್ನು ತೆಗೆದುಹಾಕಿ, ಗಟ್ಟಿಯಿರುವುದನ್ನು ಮೇಲಿನ ತುಂಡುಗಳಿಗೆ ಬಳಸಬಹುದು.